ಹದಿನಾಲ್ಕನೆಯ ಮರ

ಯೋಯೆನ್ಸು,
9 ಫೆಬ್ರುವರಿ 1998

ಪ್ರೀತಿಯ ಓಯಿವಾ ಮಾವ,

ಫೋನು ಮಾಡಬಹುದಿತ್ತು. ಆದರೆ ಕಳೆದ ಸಲ ಮಾಡಿದಾಗ ನೀನು ಹನ್ನೊಂದು ಸಲ ‘ಹ್ಞಾಂ?’ ಅಂದೆ, ನಾನು ಎಣಿಸಿದ್ದೇನೆ. ಮರ ಕೊಯ್ಯುವ ಯಂತ್ರ ನಿನ್ನ ಕಿವಿಗಳನ್ನು ಎಂದೋ ತಿಂದು ಮುಗಿಸಿದೆ. ಹಾಗಾಗಿ ನಮ್ಮಿಬ್ಬರಿಗೆ ಕಾಗದವೇ ಗತಿ.

ನನ್ನ ಪ್ರಬಂಧ ಕೊನೆಯ ಹಂತಕ್ಕೆ ಬಂದಿದೆ. ಮೇ ತಿಂಗಳ ಕೊನೆಗೆ ಒಪ್ಪಿಸಲೇಬೇಕು, ಇಲ್ಲದಿದ್ದರೆ ಶರತ್ಕಾಲದಲ್ಲಿ ನನಗೆಂದು ಇಟ್ಟಿರುವ ಸಂಶೋಧಕಿಯ ಕೆಲಸ ಇನ್ನೊಬ್ಬರ ಪಾಲಾಗುತ್ತದೆ. ನಾನು ಮಾಡುತ್ತಿರುವುದು ಇಷ್ಟೇ: ಒಣ ದಿಣ್ಣೆಯ ಪೈನ್ ಕಾಡು, ಗಟ್ಟಿ ನೆಲದ ಸ್ಪ್ರೂಸ್ ಕಾಡು, ಬರ್ಚ್ ಕಾಡು, ಮತ್ತೆ ನಿನಗೆ ಪ್ರಾಣವಾದ ಜೌಗಿನ ಸ್ಪ್ರೂಸ್ ಕಾಡು, ಈ ನಾಲ್ಕರಲ್ಲಿ ಯಾವುದು ಎಷ್ಟು ತೂಗುತ್ತದೆ, ಯಾವುದರ ಹೊಟ್ಟೆಯಲ್ಲಿ ಎಷ್ಟು ಇಂಗಾಲವಿದೆ ಎಂದು ಹೋಲಿಸುವುದು. ಒಂದು ಮರವನ್ನೂ ಕಡಿಯುವುದಿಲ್ಲ. ಎದೆಯ ಎತ್ತರದಲ್ಲಿ ಕಾಂಡದ ದಪ್ಪ ಎಷ್ಟು, ಮರ ಎಷ್ಟು ಉದ್ದ ಎಂದು ಗೊತ್ತಾದರೆ ಸಾಕು, ರೆಂಬೆ ಬೇರುಗಳ ಸಮೇತ ಅದರ ಒಣ ತೂಕ ಲೆಕ್ಕಕ್ಕೆ ಸಿಗುತ್ತದೆ. ಅದರಲ್ಲಿ ಸುಮಾರು ಅರ್ಧ ಇಂಗಾಲ.

ಈಗ ಖುಷಿಯ ಸುದ್ದಿ. ಕಾಡು ಗಣತಿಯ ಹಳೆಯ ಹಾಳೆಗಳ ಕಂತೆ ಬಿಚ್ಚಿದೆ, ನೋಡಿದರೆ ನಿನ್ನ ಕೈಬರಹ! ಏಳಕ್ಕೆ ಅಡ್ಡಗೆರೆ ಎಳೆಯುವ ನಿನ್ನ ಚಾಳಿ ಎಲ್ಲಿದ್ದರೂ ಗುರುತಾಗುತ್ತದೆ. ಜೌಗು ಕಾಡಿನ ನನ್ನ ಹನ್ನೊಂದು ಅಳತೆ ತಾಣಗಳನ್ನೂ ಅಳೆದವನು ನೀನೇ. ಅವುಗಳಲ್ಲಿ ಒಂದು, ಮೂರನೆಯ ತಾಣ, ವಿಚಿತ್ರವಾಗಿದೆ. ಉಳಿದವುಗಳ ಎರಡರಷ್ಟು ತೂಗುತ್ತಿದೆ. ಅಲ್ಲಿನ ಹದಿನಾಲ್ಕನೆಯ ಮರಕ್ಕೆ ನಡುವೆ ರೆಂಬೆಗಳೇ ಇಲ್ಲ, ‘ಹಿಮಭಾರದಿಂದ ಮುರಿದಿದೆ’ ಎಂದು ಮೂರು ಸಲದ ಗಣತಿಯಲ್ಲೂ ಬರೆದಿದ್ದೀಯ. ಆ ಜಾಗ ನಿನಗೆ ನೆನಪಿದೆಯೇ? ಸುಮ್ಮನೆ ಕುತೂಹಲಕ್ಕೆ ಕೇಳಿದೆ.

ನಿನ್ನ ಹೆಲ್ಕಾ


ಕೊರ್ಪಿವಾರಾ,
20 ಫೆಬ್ರುವರಿ 1998

ಹೆಲ್ಕಾ ಮಗಳೇ,

ಹೊರಗೆ ಸೊನ್ನೆಗಿಂತ ಹದಿನೆಂಟು ಕೆಳಗೆ. ಹಿಮ ಎಪ್ಪತ್ತೊಂದು ಸೆಂಟಿಮೀಟರ್. ಕಾಫಿ ಎರಡನೆಯ ಸುತ್ತು. ಅಳತೆ ಒಪ್ಪಿಸಿದ್ದಾಯಿತು, ಇನ್ನು ಮಾತು.

ನಿನ್ನ ಕಾಗದ ತಂದುಕೊಟ್ಟವಳು ಪಕ್ಕದ ಮನೆಯ ಹಿಲ್ಯಾ. ಅಂಚೆ ಡಬ್ಬದ ತನಕ ಅವಳೇ ಕಾಲಲ್ಲಿ ಒದ್ದು ಓಡಿಸುವ ಜಾರುಗಾಡಿಯಲ್ಲಿ ಹೋಗಿಬರುತ್ತಾಳೆ, ಬಂದವಳು ನನ್ನ ಕಾಫಿ ಕುಡಿದೇ ಹೋಗುತ್ತಾಳೆ. “ಯೂನಿವರ್ಸಿಟಿ ಲಕೋಟೆ ಕಣಯ್ಯಾ. ನಿನ್ನ ತಲೆ ಒಳಗೆ ಏನೈತೆ ಅಂತ ತೂಕ ಹಾಕೋಕೆ ಕರೆದಿರ್ಬೇಕು, ಬೇಗ ಮುಗಿಯೋ ಕೆಲಸ” ಅಂದಳು. ನಿನ್ನ ಪ್ರಬಂಧದ ವಿಷಯ ಓದಿ ಹೇಳಿದೆ. ಮರದಲ್ಲಿ ಅರ್ಧ ಇದ್ದಿಲು ಎಂದು ತಿಳಿಯಲು ಆರು ವರ್ಷ ಓದಬೇಕೇ ಎಂದು ಕೇಳಿದಳು. ಇದ್ದಿಲು ಗೂಡು ಸುಡುತ್ತಿದ್ದ ನಮ್ಮಜ್ಜ ಒಂದೇ ವಾರದಲ್ಲಿ ಕಲಿತಿದ್ದ. ಸಿಟ್ಟಾಗಬೇಡ. ನನಗೆ ಹೆಮ್ಮೆಯೇ. ನಾನು ಸೊಳ್ಳೆ ಕೈಲಿ ಕಚ್ಚಿಸಿಕೊಂಡು ಬರೆದ ಅಂಕಿಗಳನ್ನು ಇಷ್ಟು ವರ್ಷದ ಮೇಲೆ ಒಬ್ಬರು ಓದುತ್ತಿದ್ದಾರೆ, ಅದೂ ನಮ್ಮ ಮನೆಯ ಹುಡುಗಿ.

ಆ ಮರ ನೆನಪಿಲ್ಲ. ಮೂವತ್ತೈದು ವರ್ಷದಲ್ಲಿ ಎಷ್ಟು ಮರ ತಬ್ಬಿದ್ದೇನೋ, ಲೆಕ್ಕ ಇಟ್ಟವರಾರು. ಹಿಮಭಾರ ಎಂದು ಬರೆದಿದ್ದರೆ ಹಿಮಭಾರವೇ.

ನನ್ನ ಎಡಗಾಲಿನ ಬೂಟು ಸೋರುತ್ತಿದೆ. ಹಿಲ್ಯಾ ಹೊಸದು ತಗೋ ಎಂದು ಪ್ರಾಣ ತಿನ್ನುತ್ತಾಳೆ. ಅರವತ್ತೆಂಟು ದಾಟಿದವನಿಗೆ ಹೊಸ ಬೂಟು ಯಾಕೆ? ಇರುವಷ್ಟು ದಿನಕ್ಕೆ ಸೈಕಲ್ ಟ್ಯೂಬಿನ ತೇಪೆ ಸಾಕು. ಶುಕ್ರವಾರದ ಬಸ್ಸಿನ ಡ್ರೈವರ್ ಕೈಲಿ ಒಂದು ಕಲಕುಕ್ಕೊ ಕಳಿಸುತ್ತಿದ್ದೇನೆ. ಮೀನು ನಾನು ಹಿಡಿದದ್ದು, ಮೇಲಿನ ರೈ ರೊಟ್ಟಿ ಹಿಲ್ಯಾ ಬಡಿದದ್ದು. ಹೋಳು ಮಾಡಿ ತಿನ್ನು, ಹಾಸ್ಟೆಲಿನ ಸಾರು ಕುಡಿದು ಬಡಕಲಾಗಬೇಡ.

ಮಾವ


ಯೋಯೆನ್ಸು,
4 ಮಾರ್ಚ್ 1998

ಪ್ರೀತಿಯ ಮಾವ,

ಕಲಕುಕ್ಕೊ ಎರಡೇ ದಿನದಲ್ಲಿ ಮಾಯ. ನನ್ನ ಕೋಣೆಯವರೆಲ್ಲ ಹಿಲ್ಯಾ ಅತ್ತೆಗೆ ಜೈ ಅಂದಿದ್ದಾರೆ. ಬೂಟಿನ ವಿಷಯದಲ್ಲಿ ನಾನು ಅವಳ ಪಕ್ಷ. ಹೊಸದು ತಗೋ ಮಾವ, ಇದೇನು ಮುದುಕರ ಮಾತು.

ಮತ್ತೆ ಅದೇ ಮರಕ್ಕೆ ಬರುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಹಿಮದ ಭಾರಕ್ಕೆ ಮುರಿಯುವುದು ತುದಿ. ಈ ಮರದ ತುದಿ ಸರಿಯಾಗಿದೆ. ನೆಲದಿಂದ ಮೂರು ಮೀಟರ್‌ವರೆಗೆ ರೆಂಬೆ ಇದೆ, ಆರು ಮೀಟರ್‌ನಿಂದ ಮೇಲಕ್ಕೂ ಇದೆ, ನಡುವಿನ ಮೂರು ಮೀಟರ್ ಮಾತ್ರ ಬೋಳು. ಇದನ್ನೆಲ್ಲ ನೀನೇ ಅಚ್ಚುಕಟ್ಟಾಗಿ ಬರೆದಿಟ್ಟಿದ್ದೀಯ! ಯಾರಾದರೂ ಹೊಸ್ತಿಲ ಮುಂದೆ ಕಾಲೊರೆಸಲು ಹಾಸುವ ಸೊಪ್ಪಿಗಾಗಿ ಕಡಿದರೇ ಎಂದುಕೊಂಡೆ. ಆದರೆ ಕೈಗೆಟಕುವ ಕೆಳಗಿನ ರೆಂಬೆ ಬಿಟ್ಟು ಏಣಿ ಹಾಕುವ ಪೆದ್ದ ಯಾರಿದ್ದಾನೆ?

ಇನ್ನೊಂದು ಮಾತು. ಉಳಿದ ತಾಣಗಳಲ್ಲೆಲ್ಲ ಮೂರು ಗಣತಿಗಳ ನಡುವೆ ಒಂದಲ್ಲ ಒಂದು ಸಲ ಮರ ಕಡಿದಿದ್ದಾರೆ. ಮೂರನೆಯದರಲ್ಲಿ ಒಂದು ಕಡ್ಡಿಯನ್ನೂ ಮುಟ್ಟಿಲ್ಲ. ಅದು ಯಾರ ಕಾಡು ಮಾವ? ನಮ್ಮಂಥ ವಿದ್ಯಾರ್ಥಿಗಳಿಗೆ ತಾಣದ ನಂಬರ್ ಕೊಡುತ್ತಾರೆ, ಊರು ಹೇಳುವುದಿಲ್ಲ. ನಿನಗೆ ಗೊತ್ತಿದ್ದರೆ ನನಗೊಬ್ಬಳಿಗೇ ಹೇಳು.

ಹೆಲ್ಕಾ


ಕೊರ್ಪಿವಾರಾ,
23 ಮಾರ್ಚ್ 1998

ಹೆಲ್ಕಾ,

ಗಣತಿಯ ನಿಯಮ ನಿನಗೆ ಗೊತ್ತಿರಬೇಕು. ತಾಣ ಎಲ್ಲಿದೆ ಎಂದು ಕಾಡಿನ ಮಾಲೀಕನಿಗೂ ತಿಳಿಯಬಾರದು. ಅದಕ್ಕೇ ಕಬ್ಬಿಣದ ಗೂಟವನ್ನು ಪಾಚಿಯ ಅಡಿಗೆ ಹೊಡೆದು ಮುಚ್ಚುತ್ತೇವೆ, ಮರಕ್ಕೆ ಬಣ್ಣ ಬಳಿಯುವುದಿಲ್ಲ. ತಿಳಿದರೆ ಮನುಷ್ಯ ಆ ತುಂಡನ್ನು ಬೇರೆ ಥರ ನೋಡಿಕೊಳ್ಳುತ್ತಾನೆ, ಆಗ ದೇಶದ ಲೆಕ್ಕವೇ ಸುಳ್ಳಾಗುತ್ತದೆ. ಯಾರ ಕಾಡು ಎಂದು ನೀನು ಕೇಳಬಾರದು, ನಾನು ಹೇಳಬಾರದು.

ಕಚೇರಿಯವರು ನಿನ್ನ ಕೈಲಿ ಕೇಳಿಸುತ್ತಿದ್ದರೆ ಅವರೇ ನೇರವಾಗಿ ಬರೆಯಲಿ.

ಓಯಿವಾ ಕಾರ್ಪ್ಪಿನೆನ್
ನಿವೃತ್ತ ಅಳತೆಗಾರ


ಯೋಯೆನ್ಸು,
27 ಮಾರ್ಚ್ 1998

ಮಾವ,

ಹೊರಗೆ ಎಷ್ಟು ಡಿಗ್ರಿ ಎಂದು ನೀನು ಈ ಸಲ ಬರೆಯಲಿಲ್ಲ. ಆ ಪತ್ರ ಹಿಡಿದುಕೊಂಡು ನಾನು ಅತ್ತೆ, ಮೊದಲು ಅದನ್ನು ಹೇಳಿಬಿಡುತ್ತೇನೆ.

ನನ್ನನ್ನು ಯಾರೂ ಕಳಿಸಿಲ್ಲ. ಕುತೂಹಲ ಎಂದು ಬರೆದದ್ದೂ ನಿಜವಲ್ಲ. ನಿನಗೆ ನೋವಾಗುತ್ತದೆ ಎಂದು ಮುಚ್ಚಿಟ್ಟೆ, ಮುಚ್ಚಿಟ್ಟದ್ದೇ ತಪ್ಪಾಯಿತು.

ಜನವರಿಯಲ್ಲಿ ನನ್ನ ಮಾರ್ಗದರ್ಶಕರು, ಡಾಕ್ಟರ್ ರೌತಿಯೊ, ಮೂರನೆಯ ತಾಣದ ಹಾಳೆ ನೋಡಿದರು. ಹದಿನಾಲ್ಕನೆಯ ಮರದ ಮೇಲೆ ಬೆರಳಿಟ್ಟು ನಕ್ಕರು. “ಇದು ಜೌಗಿಗೆ ಕಾಲಿಟ್ಟವನು ಬರೆದಿದ್ದಲ್ಲ ಕಣಮ್ಮಾ. ಸೌನಾದ ಬಿಸಿ ಆವಿಯಲ್ಲಿ ಬೆವರು ಸುರಿಸ್ತಾ ಕೂತು ಬರೆದಿರೋದು. ಇಂಥ ಮರ ಎಲ್ಲಾದ್ರೂ ಇರುತ್ತಾ? ಇಷ್ಟು ತೂಕ ಎಲ್ಲಾದ್ರೂ ಬರುತ್ತಾ? ಒಂದು ಸುಳ್ಳು ಬರೆದವನು ಹನ್ನೊಂದೂ ಸುಳ್ಳು ಬರೆದಿರ್ತಾನೆ” ಅಂದರು. ಮೇ ತಿಂಗಳೊಳಗೆ ಸಮಾಧಾನ ಸಿಗದಿದ್ದರೆ ಹನ್ನೊಂದು ತಾಣಗಳನ್ನೂ ತೆಗೆದುಹಾಕಬೇಕು, ಅಳೆದವರ ಹೆಸರಿನ ಮುಂದೆ ‘ನಂಬತಕ್ಕದ್ದಲ್ಲ’ ಎಂದು ಗುರುತು ಹಾಕಿ ಕಚೇರಿಗೆ ತಿಳಿಸುತ್ತಾರಂತೆ. ಜೌಗು ಕಾಡು ಹೋದರೆ ನನ್ನ ಹೋಲಿಕೆಯಲ್ಲಿ ಉಳಿಯುವುದೇನು? ನಾಲ್ಕು ಕಾಲಿನ ಮೇಜಿನ ಒಂದು ಕಾಲು ಹೋದ ಹಾಗೆ.

ಆದರೆ ನನ್ನನ್ನು ಕೊರೆಯುತ್ತಿರುವುದು ಪ್ರಬಂಧವಲ್ಲ. ಆ ಕಾರ್ಪ್ಪಿನೆನ್ ನನ್ನ ಸೋದರಮಾವ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಮನೆತನದ ಹೆಸರು ಬೇರೆಯಾದ್ದರಿಂದ ಅವರಿಗೆ ಗೊತ್ತಾಗಲಿಲ್ಲ, ನಾನು ತಲೆ ತಗ್ಗಿಸಿ ಕೂತೆ. ಜುಲೈ ತಿಂಗಳಲ್ಲಿ ಸೊಳ್ಳೆ ಕಚ್ಚಿ ಮುಖವೆಲ್ಲ ಊದಿಸಿಕೊಂಡು, ಮಂಡಿಯ ತನಕ ಕೆಸರು ಮೆತ್ತಿಕೊಂಡು ಮನೆಗೆ ಬರುತ್ತಿದ್ದ ನಿನ್ನನ್ನು ನೋಡಿದವಳು ನಾನು. ನೀನು ಮೆಟ್ಟಿಲ ಮೇಲೆ ಕೂತು ಬೂಟಿನ ನೀರು ಚೆಲ್ಲುತ್ತಿದ್ದೆ, ಒಮ್ಮೆ ಅದರಿಂದ ಕಪ್ಪೆ ಹಾರಿತು. ಅಂಥವನು ಸೌನಾದಲ್ಲಿ ಕೂತು ಬರೆದ ಅನ್ನುವಾಗ ನಾನು ಸುಮ್ಮನಿದ್ದೆ.

ಮಾವ, ಏನಿದ್ದರೂ ಹೇಳು.

ಹೆಲ್ಕಾ


ಕೊರ್ಪಿವಾರಾ,
19 ಏಪ್ರಿಲ್ 1998

ಹೆಲ್ಕಾ ಮಗಳೇ,

ಹೊರಗೆ ಸೊನ್ನೆಗಿಂತ ನಾಲ್ಕು ಮೇಲೆ. ಸೂರಿನಿಂದ ನೀರು ಇಳಿಯುತ್ತಿದೆ. ಕಾಫಿ ಎಷ್ಟನೆಯ ಸುತ್ತೋ.

ಮೂರು ವಾರ ಬರೆಯಲಿಲ್ಲ. ಬರೆದೆ, ಒಲೆಗೆ ಹಾಕಿದೆ. ಈಸ್ಟರ್ ದಿನ ಹಿಲ್ಯಾ ಬಂದು ನನ್ನ ಮುಖ ನೋಡಿ, “ಹಲ್ಲುನೋವೋ, ಪಾಪ ಮಾಡಿದ್ಯೋ?” ಅಂದಳು. ಎರಡನೆಯದು ಅಂದೆ. “ಹಂಗಾದ್ರೆ ಬಾಯಿ ಬಿಡು. ಹಲ್ಲಿಗೂ ಅದೇ ಔಷಧಿ” ಅಂದಳು. ಅವಳಿಗೆ ಎಲ್ಲ ಹೇಳಿದೆ. ಈಗ ನಿನಗೆ.

ಮೂರನೆಯ ತಾಣ ನಮ್ಮ ಮನೆಯ ಹಿಂದಿನ ಜೌಗು. ಹದಿನಾಲ್ಕನೆಯ ಮರ ನಿನ್ನದು.

ಎಪ್ಪತ್ತೇಳರ ಮಾರ್ಚ್‌ನಲ್ಲಿ ನಿನ್ನಮ್ಮ ಕಾರ್ಖಾನೆ ಕೆಲಸಕ್ಕೆಂದು ಸ್ವೀಡನ್ನಿಗೆ ಹೊರಟಳು. ಮನೆ ಸಿಗುವ ತನಕ ನಿನ್ನನ್ನು ಇಲ್ಲಿ ಬಿಟ್ಟಳು. ನಿನಗೆ ಆರು ವರ್ಷ, ನಾಯಿಕೆಮ್ಮು. ಕೆಮ್ಮಿ ಕೆಮ್ಮಿ ನೀಲಿಗಟ್ಟುತ್ತಿದ್ದೆ. ಹಿಂದೆ ಈ ಮನೆಗೆ ನೀನು ಬಂದವಳೇ ಅಲ್ಲ. ನಮ್ಮಮ್ಮ ನನ್ನ ಕೈಗೆ ಕೊಡಲಿ ಕೊಟ್ಟು, “ಮಗು ಮೊದಲ ಸಲ ಬಂದೈತೆ. ಕರ್ಸಿಕ್ಕೊ ಕಡಿದು ಬಾ, ಹೋಗು” ಅಂದಳು. ಹಳೆಯ ಪದ್ಧತಿ, ನೀನು ಪುಸ್ತಕದಲ್ಲಿ ಓದಿರಬಹುದು. ಮೊದಲ ಸಲ ಬಂದವರ ಹೆಸರಿನಲ್ಲಿ ಒಂದು ಮರದ ನಡುವಿನ ರೆಂಬೆ ಸವರಿ ಗುರುತು ಮಾಡುವುದು. ಮರ ಹಸಿರಾಗಿರುವ ತನಕ ಆ ಮನುಷ್ಯನಿಗೆ ಕೇಡಿಲ್ಲ. ಮರ ಒಣಗಿದರೆ, ಆ ಮಾತು ಬೇಡ. ನನಗೆ ನಂಬಿಕೆ ಇರಲಿಲ್ಲ. ಅಳತೆಯವನು ನಾನು. ಆದರೂ ಏಣಿ ಹೊತ್ತು ಹೋದೆ. ನಿನ್ನನ್ನು ಕಂಬಳಿಯಲ್ಲಿ ಸುತ್ತಿ ಜಾರುಗಾಡಿಯಲ್ಲಿ ಕೂರಿಸಿದ್ದೆ. ಜ್ವರ ಸುಡುತ್ತಿತ್ತು, ನಿನಗೆ ನೆನಪಿರಲಾರದು. ನಾನು ಇಳಿದು ಬಂದಾಗ ನೀನು ಕೇಳಿದೆ: “ಮಾವ, ಮರಕ್ಕೆ ಚಳಿ ಆಗಲ್ವಾ?” ಎರಡು ವಾರಕ್ಕೆ ಕೆಮ್ಮು ಇಳಿಯಿತು. ಔಷಧಿಯಿಂದ ಎಂದು ಡಾಕ್ಟರು ಹೇಳಿದರು. ಇರಬಹುದು. ಆದರೆ ಅಂದಿನಿಂದ ಆ ಮರದ ಮೇಲೆ ಕೊಡಲಿ ಎತ್ತುವ ಧೈರ್ಯ ನನಗಿಲ್ಲ.

ಎಂಬತ್ತೈದರಲ್ಲಿ ನಕ್ಷೆಯ ಮೇಲೆ ಚೌಕ ಎಳೆದು ತಾಣ ಆರಿಸಿದರು. ಒಂದು ಚುಕ್ಕಿ ಬಂದು ನಮ್ಮ ಜೌಗಿನಲ್ಲೇ ಬಿತ್ತು. ಗುಂಪಿನ ಮುಖ್ಯಸ್ಥ ದಕ್ಷಿಣದವನು, ಹೊಸಬ. “ಇದು ಯಾರ ಕಾಡು, ಗೊತ್ತಾ?” ಅಂತ ಕೇಳಿದ. ‘ನಮ್ಮದು’ ಅಂದಿದ್ದರೆ ಮುಗಿಯುತ್ತಿತ್ತು. ಆ ಬೋಳು ಮರ ಏನು ಎಂದು ಮುಂದೆ ಕೇಳುತ್ತಾನೆ, ಓದಿದ ಹುಡುಗರೆಲ್ಲ ನಗುತ್ತಾರೆ ಎಂದು ನಾಚಿಕೆಯಾಯಿತು. “ಗೊತ್ತಿಲ್ಲ” ಅಂದೆ. ಕಾರಣದ ಕಡೆ ಹಿಮಭಾರ ಎಂದು ಬರೆದೆ. ಅಳತೆಯಲ್ಲಿ ಒಂದು ಸೆಂಟಿಮೀಟರ್ ಸುಳ್ಳು ಬರೆದವನಲ್ಲ ನಾನು. ಕಾರಣದಲ್ಲಿ ಬರೆದೆ.

ಆಮೇಲೆ ನೆರೆಯವರೆಲ್ಲ ಕಡಿದರು. ಮರದ ಮಿಲ್ಲಿನವನು ವರ್ಷಕ್ಕೊಮ್ಮೆ ಬಂದು, “ಓಯಿವಾ, ಮಾಗಿ ಕೊಳೀತಾ ಇದೆಯಲ್ಲೋ, ಇನ್ಯಾರ ಮದುವೆಗೆ ಇಟ್ಕೊಂಡಿದ್ದೀಯಾ?” ಎಂದು ಕೇಳುತ್ತಿದ್ದ. ಜೌಗಿನ ಸ್ಪ್ರೂಸ್‌ಗೆ ಬೇರು ಆಳವಿಲ್ಲ. ಅಕ್ಕಪಕ್ಕದವು ಹೋದರೆ ಮೊದಲ ಗಾಳಿಗೇ ನಿನ್ನದು ಮಲಗುತ್ತದೆ. ಅದಕ್ಕೇ ಇಡೀ ತುಂಡನ್ನು ಬಿಟ್ಟೆ. ಪೂರ್ತಿ ನಿಜ ಹೇಳಬೇಕೆಂದರೆ ಇನ್ನೂ ಒಂದಿದೆ. ಪ್ರತಿ ಗಣತಿಯಲ್ಲಿ ಅಲ್ಲಿನ ಅಂಕಿ ಏರಿದ್ದು ನೋಡಿ ನನಗೆ ಜಂಬ ಬರುತ್ತಿತ್ತು. ಗೂಟ ಎಲ್ಲಿದೆ ಎಂದು ಗೊತ್ತಿದ್ದ ಮಾಲೀಕ ನಾನೊಬ್ಬನೇ. ನಿಯಮ ಯಾಕೆ ಮಾಡಿದ್ದಾರೆ ಎಂಬುದಕ್ಕೆ ನಾನೇ ಸಾಕ್ಷಿ.

ಉಳಿದ ಹತ್ತು ತಾಣ ಶುದ್ಧ. ನನ್ನ ಜೇಬು ಪುಸ್ತಕಗಳನ್ನು ಇದರ ಜೊತೆ ಕಳಿಸುತ್ತಿದ್ದೇನೆ. ಪ್ರತಿ ಪುಟದಲ್ಲೂ ಅಪ್ಪಚ್ಚಿಯಾದ ಸೊಳ್ಳೆಗಳಿವೆ, ಕ್ಲೌಡ್‌ಬೆರಿ ಹಣ್ಣಿನ ಕಲೆ ಇದೆ, ಪಾಚಿ ಅಂಟಿದೆ. ಸೌನಾದಲ್ಲಿ ಪಾಚಿ ಬೆಳೆಯುತ್ತದೆಯೇ ಎಂದು ನಿನ್ನ ಡಾಕ್ಟರನ್ನು ಕೇಳು. ಈ ಕಾಗದವನ್ನೂ ಅವರಿಗೆ ತೋರಿಸು. ನನ್ನ ಹೆಸರಿಗೆ ಏನು ಗುರುತು ಹಾಕುತ್ತಾರೋ ಹಾಕಲಿ. ನೀನು ತಲೆ ತಗ್ಗಿಸಿದ್ದಕ್ಕೆ ನನಗೆ ಬೇಸರವಿಲ್ಲ. ತಗ್ಗಿಸುವ ಹಾಗೆ ಮಾಡಿದವನು ನಾನು.

ಮಾವ


ಯೋಯೆನ್ಸು,
4 ಮೇ 1998

ನನ್ನ ಓಯಿವಾ ಮಾವ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ತಪ್ಪು ಎಲ್ಲಿದೆ, ತಪ್ಪು ಎಲ್ಲಿದೆ ಎಂದು ಜನವರಿಯಿಂದ ಹಾಳೆಗಳಲ್ಲಿ ಹುಡುಕಿದೆ. ನೋಡಿದರೆ ಅಲ್ಲಿ ನಾನೇ ಜಾರುಗಾಡಿಯಲ್ಲಿ ಕೂತಿದ್ದೇನೆ.

ನೀನು ಪೂರ್ತಿ ನಿಜ ಹೇಳಿದೆ, ನಾನೂ ಹೇಳುತ್ತೇನೆ. ಎರಡು ದಿನ ನಿನ್ನ ಕಾಗದವನ್ನು ಮೇಜಿನ ಖಾನೆಯಲ್ಲಿಟ್ಟೆ. ಪುಸ್ತಕಗಳನ್ನು ಮಾತ್ರ ತೋರಿಸಿದರೆ ಸಾಕಾಗಿತ್ತು. ಸೊಳ್ಳೆಗಳು ನಿನ್ನ ಮಾನ ಉಳಿಸುತ್ತಿದ್ದವು, ಮೂರನೆಯ ತಾಣವೂ ಉಳಿಯುತ್ತಿತ್ತು. ಅದು ಉಳಿದರೆ ಮರಗಳ ತೂಕದಲ್ಲಿ ಜೌಗು ಕಾಡು ಎರಡನೆಯ ಸ್ಥಾನ, ಎಲ್ಲರೂ ತಿರುಗಿ ನೋಡುವ ಮಾತು. ತೆಗೆದರೆ ಮೂರನೆಯದು, ಇಪ್ಪತ್ತೆಂಟು ಪುಟ ಮತ್ತೆ ಬರೆಯಬೇಕು. ನನಗೆ ಆಸೆಯಾಯಿತು ಮಾವ. ಆಮೇಲೆ ‘ಅಳತೆಯಲ್ಲಿ ಒಂದು ಸೆಂಟಿಮೀಟರ್ ಸುಳ್ಳು ಬರೆದವನಲ್ಲ’ ಎಂಬ ಸಾಲು ಓದಿದೆ, ಎದ್ದು ಹೋದೆ.

ಡಾಕ್ಟರ್ ರೌತಿಯೊ ಜೇಬು ಪುಸ್ತಕಗಳನ್ನು ಭೂತಗನ್ನಡಿ ಹಿಡಿದು ನೋಡಿದರು. ಒಂದು ಪುಟದಲ್ಲಿ ಹದಿನೇಳು ಸೊಳ್ಳೆ ಎಣಿಸಿದರು. ಆಮೇಲೆ ಕಾಗದ ಓದಿದರು. ಓದಿ ಕನ್ನಡಕ ತೆಗೆದು ಒರೆಸುತ್ತಾ ಕೂತರು.

“ಈ ಮನುಷ್ಯ ನಿಮ್ಮ ಸ್ವಂತ ಮಾವನಾ?” ಅಂದರು.

“ಸೋದರಮಾವ. ಜನವರಿಯಲ್ಲೇ ಹೇಳಬೇಕಿತ್ತು” ಅಂದೆ.

“ನಾನೂ ಸೌನಾ ಅನ್ನೋ ಮಾತು ಆಡಬಾರದಿತ್ತು” ಅಂದರು. ತಾವೇ ಎದ್ದು ನನಗೆ ಕಾಫಿ ಬಗ್ಗಿಸಿದರು. ಅವರು ಇನ್ನೊಬ್ಬರಿಗೆ ಕಾಫಿ ಬಗ್ಗಿಸಿದ್ದನ್ನು ಈ ವಿಭಾಗದಲ್ಲಿ ಯಾರೂ ನೋಡಿಲ್ಲ.

ನಿನ್ನ ಹೆಸರಿಗೆ ಗುರುತಿಲ್ಲ. ಹತ್ತು ತಾಣ ಉಳಿದವು. ಮೂರನೆಯದನ್ನು ನನ್ನ ಲೆಕ್ಕದಿಂದ ತೆಗೆದೆ, ‘ತಾಣ ಎಲ್ಲಿದೆ ಎಂದು ಮಾಲೀಕನಿಗೆ ತಿಳಿದಿತ್ತು’ ಎಂದು ಪುಟದ ಅಡಿಯಲ್ಲಿ ಬರೆದೆ. ಕಚೇರಿಯವರೂ ಅದನ್ನು ಗಣತಿಯಿಂದ ಕೈಬಿಡುತ್ತಾರೆ, ಗೂಟ ಕೀಳಲು ನಿನಗೆ ಪತ್ರ ಬರುತ್ತದೆ. ಇನ್ನೊಂದು ಕೇಳು. ಮರ ಮಾತ್ರವಲ್ಲ, ನೆಲದೊಳಗಿನ ಕಪ್ಪು ಕೊಳೆಯನ್ನೂ ಸೇರಿಸಿ ತೂಗಿದರೆ ನಿನ್ನ ತುಂಡು ಇಲ್ಲದೆಯೂ ಜೌಗೇ ಎಲ್ಲಕ್ಕಿಂತ ಮೇಲೆ. ಸಾವಿರಾರು ವರ್ಷ ಸತ್ತ ಪಾಚಿಯೆಲ್ಲ ಅಲ್ಲೇ ಕೂತಿದೆ. ನಿನ್ನ ಬೂಟಿಗೆ ಅಷ್ಟು ವರ್ಷ ಮೆತ್ತಿಕೊಂಡದ್ದು ಅದೇ.

ಜೂನ್ ನಡುವಿನ ಹಬ್ಬಕ್ಕೆ ಬರುತ್ತೇನೆ. ನನ್ನ ಮರ ನೋಡಬೇಕು. ಅಂದಿನ ತನಕ ಅದಕ್ಕೆ ಚಳಿಯಾಗದ ಹಾಗೆ ನೋಡಿಕೋ.

ಹೆಲ್ಕಾ


ಕೊರ್ಪಿವಾರಾ,
29 ಜೂನ್ 1998

ಹೆಲ್ಕಾ ಮಗಳೇ,

ಹೊರಗೆ ಸೊನ್ನೆಗಿಂತ ಹತ್ತೊಂಬತ್ತು ಮೇಲೆ. ಸೊಳ್ಳೆ ಲೆಕ್ಕಕ್ಕೆ ಸಿಗುವಷ್ಟಲ್ಲ. ಕಾಫಿ ಮೊದಲನೆಯ ಸುತ್ತು, ಏಕೆಂದರೆ ಈಗಷ್ಟೇ ಜೌಗಿನಿಂದ ಬಂದೆ.

ಪ್ರಬಂಧ ಒಪ್ಪಿದರು, ಕೆಲಸ ಸಿಕ್ಕಿತು ಎಂದು ನೀನು ಹಬ್ಬಕ್ಕೆ ಬಂದು ಹೇಳಿದಾಗ ನಾನು ಹೆಚ್ಚು ಮಾತಾಡಲಿಲ್ಲ. ಬಾಯಿ ತೆರೆದರೆ ಅಳು ಬರುತ್ತಿತ್ತು. ನೀನು ಹದಿನಾಲ್ಕನೆಯ ಮರವನ್ನು ತಬ್ಬಿ ನಿಂತಿದ್ದಾಗ ಬೆನ್ನು ತಿರುಗಿಸಿದ್ದೂ ಅದಕ್ಕೇ, ಸೊಳ್ಳೆ ಕಣ್ಣಿಗೆ ಹೋಯಿತು ಅಂದದ್ದು ಸುಳ್ಳು. ಕಾರಣದಲ್ಲಿ ಸುಳ್ಳು ಹೇಳುವ ಚಾಳಿ ಇನ್ನೂ ಹೋಗಿಲ್ಲ.

ಇವತ್ತು ಕಚೇರಿಯ ಪತ್ರ ಬಂತು, ಗೂಟ ಕೀಳಲು ಹೋದೆ. ಹದಿಮೂರು ವರ್ಷ ಪಾಚಿಯೊಳಗಿದ್ದು ಕೆಂಪಗಾಗಿತ್ತು. ಕಿತ್ತು ನಿಂತು ಸುತ್ತ ನೋಡಿದರೆ, ನಿನ್ನ ಮರದಿಂದ ನಾಲ್ಕು ಮೀಟರ್ ದೂರದಲ್ಲಿ ಒಂದು ಎಳೆಯ ಸ್ಪ್ರೂಸ್, ಎರಡರಿಂದ ಮೂರು ಮೀಟರ್ ತನಕ ಬೋಳು. ಹಿಮಭಾರ ಎಂದು ಬರೆಯೋಣವೆಂದರೆ ಜೂನ್ ತಿಂಗಳು. ಕಡಿತ ಸೊಟ್ಟ, ಒಂದು ಕಡೆ ತೊಗಟೆಯೂ ಸುಲಿದಿದೆ. ಯಾರೋ ಯೂನಿವರ್ಸಿಟಿಯಲ್ಲಿ ಓದಿದವರ ಕೆಲಸವೆಂದು ನೋಡಿದ ಕೂಡಲೇ ತಿಳಿಯಿತು.

ಜೊತೆಗೆ ಬಂದಿದ್ದ ಹಿಲ್ಯಾಳನ್ನು ಹಿಡಿದು ಕೇಳಿದೆ. “ನಾನು ಏಣಿ ಹಿಡ್ಕೊಂಡಿದ್ದೆ ಅಷ್ಟೇ. ನೀನು ಮಧ್ಯಾಹ್ನ ಗೊರಕೆ ಹೊಡೀತಿದ್ದೆ” ಅಂದಳು. ಯಾರ ಹೆಸರಿನ ಮರ ಎಂದು ಕೇಳಿದ್ದಕ್ಕೆ, “ಕಿವಿ ಜೊತೆ ಬುದ್ಧಿನೂ ಹೋಯ್ತಾ ನಿಂಗೆ?” ಅಂದಳು.

ಪದ್ಧತಿಯ ಪ್ರಕಾರ ಇದು ತಪ್ಪು. ಕರ್ಸಿಕ್ಕೊ ಹೊಸಬರಿಗೆ. ನಾನು ಇಲ್ಲೇ ಹುಟ್ಟಿ ಅರವತ್ತೆಂಟು ವರ್ಷವಾಯಿತು. ಅಷ್ಟೊಂದು ಮಾಗಿದ ಮರಗಳಿರುವಾಗ ಹುಡುಕಿ ಹುಡುಕಿ ಇಂಥ ಹಸುಗೂಸನ್ನು ನೀನು ಯಾಕೆ ಆರಿಸಿದೆ ಎಂದು ಮೊದಲು ಹೊಳೆಯಲಿಲ್ಲ. ಅಭ್ಯಾಸಬಲದಿಂದ ಪಟ್ಟಿ ತೆಗೆದು ಎದೆಯ ಎತ್ತರದಲ್ಲಿ ಅಳೆದೆ. ದಪ್ಪ ಒಂಬತ್ತು ಸೆಂಟಿಮೀಟರ್. ಜೌಗಿನಲ್ಲಿ ಇದು ಮಾಗಲು ಇನ್ನು ಎಪ್ಪತ್ತು ವರ್ಷವಾದರೂ ಬೇಕು. ಅಳತೆ ಮುಗಿಸಿ ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಎಡಗಾಲಿಗೆ ನೀರು ತುಂಬಿದ್ದು ಮನೆಗೆ ಬಂದ ಮೇಲೆ ಗೊತ್ತಾಯಿತು.

ನಾಳೆ ಬೆಳಗಿನ ಬಸ್ಸಿಗೆ ಪೇಟೆಗೆ ಹೋಗುತ್ತಿದ್ದೇನೆ. ಹೊಸ ಬೂಟು ಕೊಳ್ಳಬೇಕು.

ಮಾವ